ಎರಡನೆಯ ನೋಟ

ನಾನು ಒತ್ತಿದ್ದು ನಾಲ್ಕು ಬೆರಳು. ಟವೆಲ್ಲಿನ ಕೆಳಗಿದ್ದ ಎದುರಿನವರ ಕೈಗೆ ತಿಳಿದದ್ದು ಮೂರು. ನನ್ನ ಕಾಯಿಲೆ ಮೊದಲು ಬಯಲಾದದ್ದು ಹೀಗೆ, ಬಬಲೇಶ್ವರದ ಹತ್ತಿರದ ಒಂದು ಒಣದ್ರಾಕ್ಷಿ ಶೆಡ್ಡಿನಲ್ಲಿ, ವ್ಯಾಪಾರದ ನಡುವೆ.

ನಾನು ಒಣದ್ರಾಕ್ಷಿಯ ದಲಾಲಿ ಮಾಡಿದವನು. ಹುಟ್ಟಿದ್ದು ಹೊನವಾಡದಲ್ಲಿ. ದ್ರಾಕ್ಷಿ ಬಾಕ್ಸುಗಳನ್ನು ಹೊತ್ತು ಲಾರಿಗೆ ತುಂಬುವುದರಿಂದ ಶುರು ಮಾಡಿದೆ. ಕೊನೆಗೆ ತಿಕೋಟಾದಲ್ಲಿ ಗೋದಾಮು, ವಿಜಯಪುರದ ಜೋರಾಪುರ ಪೇಟೆಯಲ್ಲಿ ಮನೆ ಎಂಬಲ್ಲಿಗೆ ಬಂದೆ. ಈಗ ದರ ಮೊಬೈಲಿನಲ್ಲೇ ಬರುತ್ತದೆ. ಆದರೂ ಶೆಡ್ಡಿಗೆ ಹೋಗಿ ಮಾಲು ಮುಟ್ಟಿ ನೋಡುವಾಗ ಹಳಬರು ಇನ್ನೂ ಹೆಗಲ ಮೇಲಿನ ಟವೆಲ್ ತೆಗೆಯುತ್ತಾರೆ. ಇಬ್ಬರ ಕೈಯೂ ಟವೆಲ್ಲಿನ ಕೆಳಗೆ. ಹಿಡಿದ ಬೆರಳೇ ದರ. ಸುತ್ತ ನಿಂತವರಿಗೆ ಒಂದಿಷ್ಟೂ ತಿಳಿಯಬಾರದು.

ಕೈ ಮಾತಾಡುವಾಗ ಮುಖ ಸುಮ್ಮನಿರಬೇಕು. ಮುಖಕ್ಕಿಂತ ಹೆಚ್ಚಾಗಿ ಕಣ್ಣು. ಬೇಕಾದ ಮಾಲನ್ನು ಮೊದಲು ನೋಡಿದವನು ಅಲ್ಲಿಗೆ ಸೋತ. ಬೇಡದ ರಾಶಿಯ ಹತ್ತಿರ ನಿಂತು, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ದರ ಕೇಳಿ, ತಲೆ ಅಲ್ಲಾಡಿಸಿ, ಹೊರಡುವವನಂತೆ ಚಪ್ಪಲಿ ಮೆಟ್ಟಬೇಕು. ಆಮೇಲೆ ಒಳ್ಳೆಯ ರಾಶಿಯ ಕಡೆ ಕಣ್ಣು ತಾನಾಗಿ ಜಾರಿತೇನೋ ಎಂಬಂತೆ ನೋಡಬೇಕು. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಮೋಸ ಹೋಗಿ ಹೋಗಿ ಕಲಿತದ್ದು. ಕಲಿತ ಮೇಲೆ ತರಕಾರಿ ಸಂತೆ, ಬಟ್ಟೆ ಅಂಗಡಿ, ಎಲ್ಲಿ ಹೋದರೂ ಅದೇ ನಡೆ. ಹೆಣ್ಣು ನೋಡಲು ಹೋದಾಗಲೂ ನಾನು ಅವರ ಮನೆಯ ಗೋಡೆಯ ಗಡಿಯಾರ ನೋಡುತ್ತ ಕುಳಿತಿದ್ದೆ. ನನ್ನ ಹೆಂಡತಿ ಕಸ್ತೂರಿಗೆ ಆ ಸಿಟ್ಟು ಇಂದಿಗೂ ಇಳಿದಿಲ್ಲ.

ಆ ದಿನ ಶೆಡ್ಡಿನ ಗೌಡರು ಟವೆಲ್ಲಿನ ಕೆಳಗೆ ನನ್ನ ಕೈ ಹಿಡಿದು ನಕ್ಕರು.

"ಏನೋ ಈರಣ್ಣ, ದರಾ ಹೇಳಾಕತ್ತಿಯೋ, ಕಚಗುಳಿ ಇಡಾಕತ್ತಿಯೋ?"

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮತ್ತೆ ಒತ್ತಿದೆ. ಕಿರುಬೆರಳು ನನ್ನದಲ್ಲ ಎಂಬಂತೆ ಸುಮ್ಮನೆ ಬಿದ್ದಿತ್ತು. ತಿರುಗಿ ಬರುವಾಗ ಬೈಕಿನ ಕ್ಲಚ್ ಒತ್ತಲು ಆಗದೆ ಎರಡು ಸಲ ಗಾಡಿ ನಿಂತಿತು.

ಮುಂದಿನದು ಇದೇ ಕಾಯಿಲೆ ಕಂಡ ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವ ದಾರಿಯೇ. ಎಲುಬಿನ ಡಾಕ್ಟರು ಕುತ್ತಿಗೆಯ ತೊಂದರೆ ಎಂದರು. ವಿಜಯಪುರದಲ್ಲೇ ಸೊಲ್ಲಾಪುರ ರಸ್ತೆಯಲ್ಲಿ ಸ್ಕ್ಯಾನ್ ಆಯಿತು. ಹೊನವಾಡದ ಕಡೆಯ ಒಬ್ಬ ಅಜ್ಜ ಎಣ್ಣೆ ಕೊಟ್ಟ, ಅದನ್ನೂ ತಿಕ್ಕಿದ್ದಾಯಿತು. ಅಷ್ಟರಲ್ಲಿ ಕೈ ಹೋಗಿ ಕಾಲು ಎಳೆಯತೊಡಗಿತ್ತು. ನರದ ಡಾಕ್ಟರು ಸೊಲ್ಲಾಪುರಕ್ಕೆ ಕಳಿಸಿದರು. ಅಲ್ಲಿ ಸ್ನಾಯುಗಳಿಗೆ ಸೂಜಿ ಚುಚ್ಚಿ ಪರೀಕ್ಷೆ ಮಾಡುತ್ತಾರೆ. ಹೋಗುವವರಿಗೆ ಒಂದು ಮಾತು: ಚಳಿಗಾಲವಾದರೆ ಶಾಲು ಒಯ್ಯಿರಿ, ಆ ಕೋಣೆ ತಣ್ಣಗಿರುತ್ತದೆ. ಕಾಯುವ ಕಡೆ ಡಾಕ್ಟರ ಬಾಗಿಲ ಎದುರು ಕೂರಬೇಡಿ, ಚೀಟಿ ಕೂಗುವವನ ಹತ್ತಿರ ಕೂರಿರಿ. ಅವನ ಮುಖ ಪರಿಚಯವಾದರೆ ನಿಮ್ಮ ಹೆಸರು ತಪ್ಪಿಹೋಗುವುದಿಲ್ಲ.

ಕಾಯುವ ಜಾಗದಲ್ಲಿ ಕುರ್ಚಿಗಳನ್ನು ಒಂದಕ್ಕೊಂದು ಬೋಲ್ಟ್ ಹಾಕಿ ಜೋಡಿಸಿದ್ದರು. ಆ ತುದಿಯಲ್ಲಿ ಯಾರೋ ಕಾಲು ಅಲ್ಲಾಡಿಸಿದರೆ ಈ ತುದಿಯಲ್ಲಿ ನಾನು ನಡುಗುತ್ತಿದ್ದೆ. ಕಸ್ತೂರಿ ರೊಟ್ಟಿ ಗಂಟು ಬಿಚ್ಚಿ, "ಮೊದಲ ಉಣ್ರಿ. ಏನರೆ ಹೇಳಿದ್ರಂದ್ರ ಆಮ್ಯಾಲೆ ಊಟ ಸೇರಂಗಿಲ್ಲ" ಎಂದಳು. ಅವಳು ಹೇಳಿದ್ದು ಸರಿಯಿತ್ತು. ಉಂಡೆವು.

ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. ಇಂಗ್ಲಿಷಿನ ಉದ್ದ ಹೆಸರು. ಮೈಯನ್ನು ನಡೆಸುವ ನರಗಳು ಒಂದೊಂದಾಗಿ ನಿಲ್ಲುತ್ತವೆ, ತಿಳಿವಳಿಕೆ ನಿಲ್ಲುವುದಿಲ್ಲ, ಕಣ್ಣು ಸಾಮಾನ್ಯವಾಗಿ ಕೊನೆಯತನಕ ಉಳಿಯುತ್ತದೆ ಎಂದರು.

ಕಸ್ತೂರಿ ಕೇಳಿದಳು: "ಯಾವ ಗುಳಿಗಿ ತಗೊಂಡ್ರ ಹೋಗತೈತ್ರಿ ಇದು?"

"ಹೋಗಂಗಿಲ್ರೀ ಅಮ್ಮಾ."

"ಹಂಗಾರ ಎಷ್ಟರಮಟ್ಟಿಗೆ ಕಡಿಮಿ ಆಗತೈತಿ?"

ಡಾಕ್ಟರು ಅವಳ ಕಡೆ ನೀರಿನ ಬಾಟಲಿ ಸರಿಸಿದರು. ನಾನು ಅವರ ಕುರ್ಚಿ ನೋಡುತ್ತಿದ್ದೆ. ಅದರ ಒಂದು ಗಾಲಿ ಮುರಿದಿತ್ತು, ಕೆಳಗೆ ಮಡಚಿದ ರಟ್ಟು ಇಟ್ಟಿದ್ದರು. ಇಷ್ಟು ದೊಡ್ಡ ಆಸ್ಪತ್ರೆಗೆ ಒಂದು ಗಾಲಿ ಹಾಕಿಸಲು ಏನು ಧಾಡಿ ಎಂದು ಯೋಚಿಸುತ್ತಿದ್ದೆ. ಹೊರಗೆ ಬಂದು ಬಾಳೆಹಣ್ಣು ಕೊಂಡೆ. ಚೌಕಾಸಿ ಮಾಡಿಯೇ ಕೊಂಡೆ. ಬಸ್ಸಿನಲ್ಲಿ ಕಸ್ತೂರಿ ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದಳು. ಹಣ್ಣು ಇನ್ನೂ ಕಾಯಿ ಇವೆ, ಮೋಸ ಹೋದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಕಾಯಿಲೆಯ ಸುದ್ದಿ ತಿಳಿದವನಿಗೆ ದುಃಖ ಕೂಡಲೇ ಬರುತ್ತದೆ ಎಂದು ತಿಳಿಯಬೇಡಿ. ನನಗೆ ಇನ್ನೂ ಪೂರ್ತಿ ಬಂದಿಲ್ಲ. ಕಾದು ಕಾದು ಬಿಟ್ಟಿದ್ದೇನೆ.

ಕೈಯಾದ ಮೇಲೆ ಕಾಲು, ಕಾಲಾದ ಮೇಲೆ ನಾಲಗೆ. ದನಿ ಮೊದಲು ಮೂಗಿನಲ್ಲಿ ಬಂತು, ಆಮೇಲೆ ಗೊರಗೊರ ಆಯಿತು, ಆಮೇಲೆ ಕಸ್ತೂರಿಯೊಬ್ಬಳಿಗೆ ಮಾತ್ರ ತಿಳಿಯುವಷ್ಟು, ಕೊನೆಗೆ ಅವಳಿಗೂ ಇಲ್ಲ. ದಲಾಲಿಯವನ ಬಂಡವಾಳವೇ ನಾಲಗೆ. ಅದು ಹೋದ ದಿನ ಯಾವುದು ಎಂದು ಕೂಡ ನೆನಪಿಲ್ಲ. ಅಂಥ ದಿನಕ್ಕೆ ಗುರುತೇನೂ ಇರುವುದಿಲ್ಲ. ನಿನ್ನೆಗಿಂತ ಸ್ವಲ್ಪ ಕಡಿಮೆ, ಅಷ್ಟೇ.

ನೋಡಲು ಬಂದವರು ನನ್ನ ಮಂಚದ ಎದುರೇ ಕುಳಿತು ನನ್ನ ಬಗ್ಗೆ ಮಾತಾಡುತ್ತಿದ್ದರು. ಪೇಟೆಯ ಒಬ್ಬ ಹೆಂಗಸು ದನಿ ತಗ್ಗಿಸಿ, "ಇವ್ರಿಗೆ ಏನರೆ ತಿಳಿತೈತೇನ ಬೇ?" ಎಂದಳು.

"ಎಲ್ಲಾ ತಿಳಿತೈತಿ," ಅಂದಳು ಕಸ್ತೂರಿ. "ನೀ ಬರೇ ಕೈಲೆ ಬಂದೀದಿ ಅನ್ನೋದೂ ತಿಳಿತೈತಿ."

ನನಗೆ ನಗು ಬಂತು. ಮುಖದಲ್ಲಿ ಬರಲಿಲ್ಲ.

ಮಗಳು ಅಶ್ವಿನಿಯನ್ನು ಬಬಲೇಶ್ವರಕ್ಕೆ ಕೊಟ್ಟಿದ್ದೇವೆ, ಅಲ್ಲಿನ ಶಾಲೆಯಲ್ಲಿ ಟೀಚರು. ಅವಳು ಶಾಲೆಗೆ ರಜೆ ಹಾಕಿ ಬಂದು ನಮ್ಮಲ್ಲಿ ಉಳಿದಳು. ಬರುವಾಗ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಒಂದರ ಮೇಲೆ 'ಬೇಕು', ಇನ್ನೊಂದರ ಮೇಲೆ 'ಬ್ಯಾಡ' ಎಂದು ಬರೆದು ತಂದಳು. ಎಡಕ್ಕೆ ಒಂದು, ಬಲಕ್ಕೆ ಒಂದು ಹಿಡಿದು ಪ್ರಶ್ನೆ ಕೇಳುವುದು ಅವಳ ಕೆಲಸ. ನಾನು ಯಾವುದನ್ನು ನೋಡುತ್ತೇನೋ ಅದು ಉತ್ತರ. ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಯಿತು.

ಆದರೆ ಆ ದಿನದಿಂದ ನನಗೆ ಚಹಾ ಸಿಗುವುದು ನಿಂತಿತು.

"ಅಪ್ಪಾ, ಚಾ ಬೇಕೇನ?" ಎಂದು ಅಶ್ವಿನಿ ಕೇಳುವಳು. ಬೇಕೆಂದು ಬಾಯಲ್ಲಿ ನೀರು ಬಂದಿರುತ್ತಿತ್ತು. "ಬ್ಯಾಡಂತ" ಎಂದು ಅವಳು ಬಟ್ಟಲು ಒಯ್ಯುವಳು. ನನಗೆ ಇದು ಅರ್ಥವೇ ಆಗುತ್ತಿರಲಿಲ್ಲ. ಮಗಳಿಗೆ ಕಣ್ಣು ಓದಲು ಬರುವುದಿಲ್ಲ ಎಂದುಕೊಂಡೆ. ಫ್ಯಾನ್ ಬೇಕಾದಾಗ ಫ್ಯಾನ್ ಆರಿತು. ಕಿಟಕಿ ಮುಚ್ಚಬೇಕಿದ್ದಾಗ ತೆರೆಯಿತು. ಒಂದು ಹಂತದಲ್ಲಿ ನಾನು ಕಾರ್ಡು ನೋಡುವುದನ್ನೇ ಬಿಟ್ಟೆ. ಬೇಜಾರು ಅಂತಲ್ಲ. ಆಗದ ವ್ಯವಹಾರದಿಂದ ಏಳುವ ಅಭ್ಯಾಸ, ಎದ್ದೆ.

ಅಷ್ಟರಲ್ಲಿ ಉಸಿರಿಗೆ ಕುತ್ತು ಬಂತು. ಮಲಗುವಾಗ ಮೂಗಿಗೆ ಮಾಸ್ಕ್ ಹಾಕುತ್ತಿದ್ದರು, ಅದು ಹಗಲಿಗೂ ಬಂತು. ವಿಜಯಪುರದ ಆಸ್ಪತ್ರೆಗೆ ಸೇರಿಸಿದರು. ಅಲ್ಲಿನ ಡಾಕ್ಟರು, ನನಗಿಂತ ಸಣ್ಣ ವಯಸ್ಸಿನವರು, ಒಂದು ಮಧ್ಯಾಹ್ನ ಎಲ್ಲರನ್ನೂ ನನ್ನ ಮಂಚದ ಸುತ್ತ ನಿಲ್ಲಿಸಿದರು. ಕಸ್ತೂರಿ, ಅಶ್ವಿನಿ, ಗೋದಾಮು ನೋಡಿಕೊಳ್ಳುವ ನನ್ನ ತಮ್ಮ ಸಂಗಪ್ಪ. ಡಾಕ್ಟರು ಅವರ ಜೊತೆ ಮಾತಾಡಲಿಲ್ಲ. ಸ್ಟೂಲು ಎಳೆದುಕೊಂಡು ನನ್ನ ಮುಖದ ಎದುರು ಕುಳಿತರು. ಈ ಒಂದು ಕೆಲಸಕ್ಕೆ ಅವರನ್ನು ನಾನು ಮರೆಯುವುದಿಲ್ಲ.

"ಈರಣ್ಣಾರ, ಮಾಸ್ಕಿನ್ಯಾಗ ಭಾಳ ದಿನಾ ನಡಿಯಂಗಿಲ್ಲ. ಗಂಟಲಿಗೆ ತೂತ ಮಾಡಿ ಕೊಳವಿ ಹಾಕಿದ್ರ, ಮನ್ಯಾಗ ಉಸಿರಿನ ಮಷೀನ್ ಇಟ್ಕೊಂಡು ಇರಬಹುದು. ಇಲ್ಲಾ ಅಂದ್ರ ಏನೂ ತ್ರಾಸ ಆಗದಂಗ ನೋಡ್ಕೊತೀವಿ, ಆದ್ರ ಉಳಸಾಕ ಆಗಂಗಿಲ್ಲ. ಎರಡರಾಗ ಯಾವ್ದೂ ತಪ್ಪಲ್ಲ. ನೀವಽ ಹೇಳಬೇಕು."

ಅಶ್ವಿನಿ ಕಾರ್ಡು ಹಿಡಿದಳು. "ಕೊಳವಿ ಹಾಕಸೋದೇನ ಅಪ್ಪಾ?"

ನನ್ನ ಉತ್ತರ ನನಗೆ ಸ್ಪಷ್ಟವಿತ್ತು. ಬದುಕಬೇಕೆಂಬ ಹಂಬಲ ಉಕ್ಕಿತು ಎಂದು ಬರೆದರೆ ಸುಳ್ಳಾಗುತ್ತದೆ. ಇರುವ ಮಾಲನ್ನು ಕಾರಣವಿಲ್ಲದೆ ಬಿಟ್ಟುಕೊಡುವವನಲ್ಲ ನಾನು, ಅಷ್ಟೇ. ನೋಡಿದೆ.

"ಬ್ಯಾಡಂದ," ಎಂದ ಸಂಗಪ್ಪ. "ನೋಡಿದ್ರಿಲ್ರಿ ಡಾಕ್ಟರ್? ನನಗ ಗೊತ್ತಿತ್ತು. ನಮ್ಮಣ್ಣ ಯಾರ ಹಂಗಿನ್ಯಾಗೂ ಬದುಕಿದಾಂವ ಅಲ್ಲ."

"ಆಮ್ಯಾಲೆ 'ಬೇಕು' ನೋಡಿದ್ರು," ಅಂದಳು ಕಸ್ತೂರಿ.

"ವೈನಿ, ಮೊದಲ ನೋಡಿದ್ದು ಬ್ಯಾಡಽ."

"ನಾ ಇಲ್ಲಂದ್ನೇನ? ಮೊದಲ ಅದನ್ನ ನೋಡಿದ್ರು. ಆಮ್ಯಾಲೆ ಇದನ್ನ."

ಡಾಕ್ಟರು ಮತ್ತೊಮ್ಮೆ ಕೇಳಿಸಿದರು. ಅದೇ ಆಯಿತಂತೆ. ಮೊದಲು ಬ್ಯಾಡ, ಆಮೇಲೆ ಬೇಕು. ನಾನು ನನ್ನ ಕಣ್ಣನ್ನು ಒಳಗಿನಿಂದ ನೋಡುವವನು, ನನಗೆ ನಾನು ನೇರ 'ಬೇಕು' ನೋಡಿದಂತೆಯೇ ಇತ್ತು. ಡಾಕ್ಟರು ಎದ್ದು ನಿಂತರು. "ಹಿಂಗ ಅರ್ಧಂಬರ್ಧ ಆದ್ರ ನಾ ಏನೂ ಮಾಡಾಕ ಬರಂಗಿಲ್ಲ. ಸ್ಪಷ್ಟ ಆಗಬೇಕು. ಲಗೂನ ಆಗಬೇಕು. ಕಣ್ಣಿಂದ ನಡಸೋ ಕಂಪ್ಯೂಟರ್ ಬರತಾವ. ಒಂದು ತರಿಸಿ ನೋಡ್ರಿ."

ಅವರು ಹೋದರು. ಪಕ್ಕದ ಮಂಚದವರ ಮನೆಯವರು ಶೇಂಗಾ ಸುಲಿಯುವ ಸದ್ದು ಕೇಳುತ್ತಿತ್ತು. ಕಸ್ತೂರಿ ಗೋಡೆಗೆ ಒರಗಿ ನಿಂತಿದ್ದಳು. ಒಮ್ಮೆಲೆ ಕೇಳಿದಳು:

"ಅಶ್ವಿನಿ, ನಿಮ್ಮಪ್ಪನ ಜೋಡಿ ಅಂಗಡಿಗೆ ಹೋದಾಗ ನಾ ಸೀರಿ ಹೆಂಗ ತಗೋತಿದ್ದೆ ಗೊತ್ತೈತೇನ?"

"ಈಗ ಸೀರಿ ಸುದ್ದಿ ಯಾಕ ಬೇ ಯವ್ವಾ?"

"ಕೇಳಿಲ್ಲಿ. ಇವ್ರು ಮೊದಲ ಯಾವ್ದನ್ನ ನೋಡತಿದ್ರೋ ಅದನ್ನ ನಾ ಮುಟ್ಟತಿದ್ದಿಲ್ಲ. ಎರಡನೇ ಸಲ ಕಣ್ಣ ಎಲ್ಲಿ ಹೋಗತೈತಿ ಅಂತ ನೋಡತಿದ್ದೆ. ಅದು ಇವ್ರಿಗೆ ಮನಸಿಗೆ ಬಂದದ್ದು. ನಿಮ್ಮಪ್ಪ ಬೇಕಾದ್ದನ್ನ ಮೊದಲ ನೋಡೋ ಮನಷ್ಯಾ ಅಲ್ಲ. ಚಾ ಬೇಕಂದ್ರೂ ಮೊದಲ ಬ್ಯಾಡ ನೋಡತಾರ. ದರಾ ಏರತೈತಲ್ಲ!"

ನಾನು ಮಲಗಿದ್ದಲ್ಲೇ ಸಿಕ್ಕಿಬಿದ್ದೆ. ಮಾರುಕಟ್ಟೆಯಲ್ಲಿ ಯಾರೂ ಹಿಡಿಯಲಾಗದ ನಡೆ ಅದು. ಅದನ್ನು ಇವಳು ಸಂಸಾರ ಶುರುವಾದಾಗಿನಿಂದ ಓದಿಕೊಂಡು, ಒಂದು ಮಾತೂ ಆಡದೆ, ಅದರ ಮೇಲೆ ಸೀರೆ ಆರಿಸುತ್ತ ಬಂದಿದ್ದಳು. ನನ್ನ ಜಾಣತನ ಅವಳಿಗೆ ಅಡಿಗೆಮನೆಯ ಡಬ್ಬಿಯಷ್ಟು ಪರಿಚಿತವಿತ್ತು.

ಕಾರ್ಡು ತೆಗೆದುಕೊಂಡು ಅವಳೇ ಕೇಳಿದಳು. ಚಾ? ಬ್ಯಾಡ, ಆಮೇಲೆ ಬೇಕು. "ಬೇಕು," ಎಂದು ನುಂಗಲು ಬರುವಂತೆ ಪುಡಿ ಬೆರೆಸಿ ಗಟ್ಟಿ ಮಾಡಿದ ಚಹಾವನ್ನು ಚಮಚೆಯಲ್ಲಿ ಕೊಟ್ಟಳು. ಎಷ್ಟೋ ದಿನದ ಮೇಲೆ ಚಹಾ ಗಂಟಲಿಗೆ ಇಳಿಯಿತು. ಸಕ್ಕರೆ ಕಡಿಮೆಯಿತ್ತು.

ಸಂಗಪ್ಪ ತಲೆ ಅಲ್ಲಾಡಿಸಿದ. "ವೈನಿ, ಇದು ಚಾದ ಮಾತಲ್ಲ, ಜೀವದ ಮಾತು. ನೀವು ಹೇಳಿದ್ದು ಖರೇನಽ ಇರಬಹುದು. ಆದ್ರ ನಾಳೆ ಅಂವಾ ತ್ರಾಸ ಪಟ್ಟಾಗ, ಸಂಗ್ಯಾ ನಾ ಬ್ಯಾಡಂದಿದ್ದೆ ಅಂತ ಕಣ್ಣಲೆ ನೋಡಿದ್ರ ನಾ ಎಲ್ಲಿ ಹೋಗ್ಲಿ?"

ಅವನು ಹೇಳಿದ್ದೂ ಸರಿಯೇ. ಆ ಕೋಣೆಯಲ್ಲಿ ಎಲ್ಲರೂ ಸರಿಯಿದ್ದರು, ನನ್ನ ಕಣ್ಣೊಂದನ್ನು ಬಿಟ್ಟು.

ಯಂತ್ರ ಮಾರುವ ಕಂಪನಿಯಿಂದ ಒಬ್ಬ ಮನುಷ್ಯ ಹುಬ್ಬಳ್ಳಿಯಿಂದ ಬಂದ. ಹೆಸರು ಪ್ರಶಾಂತ, ತಲೆ ಅರ್ಧ ಬೋಳು, ಬಿಸಿಲಿಗೆ ಕೆಂಪಗಾಗಿದ್ದ. ಯಂತ್ರವೆಂದರೆ ದೊಡ್ಡದೇನಲ್ಲ. ಕಂಪ್ಯೂಟರಿನ ಪರದೆಯ ಕೆಳಗೆ ರೂಲುಪಟ್ಟಿಯಂಥದೊಂದು ಕರಿ ಕಡ್ಡಿ. ಅದು ಕಣ್ಣನ್ನು ಹಿಂಬಾಲಿಸುತ್ತದೆ. ಮೊದಲು ನಮ್ಮ ಕಣ್ಣು ಅದಕ್ಕೆ ಪರಿಚಯವಾಗಬೇಕು. ಪರದೆಯ ಮೇಲೆ ಒಂದು ಚುಕ್ಕೆ ಓಡಾಡುತ್ತದೆ, ನಾವು ಅದನ್ನೇ ನೋಡುತ್ತ ಹೋಗಬೇಕು. ಪರಿಚಯವಾದ ಮೇಲೆ ಅಕ್ಷರಗಳ ಹಲಗೆ ಬರುತ್ತದೆ. ಒಂದು ಅಕ್ಷರವನ್ನು ಸ್ವಲ್ಪ ಹೊತ್ತು ನೋಡಿದರೆ ಅದು ಬೀಳುತ್ತದೆ. ಬರೆದದ್ದನ್ನು ಯಂತ್ರ ಓದಿ ಹೇಳುತ್ತದೆ.

ಚುಕ್ಕೆ ಬಂತು. ಯಂತ್ರ ಕೆಂಪು ತೋರಿಸಿತು. ಆಗಲಿಲ್ಲ.

ಕಿಟಕಿಯ ಬೆಳಕು ಹೆಚ್ಚಾಯಿತೆಂದು ಹೊದಿಯುವ ಕೌದಿ ಕಟ್ಟಿದರು. ಆಗಲಿಲ್ಲ. ಕನ್ನಡಕ ಒರೆಸಿದರು, ತೆಗೆದರು, ಮತ್ತೆ ಹಾಕಿದರು. ಆಗಲಿಲ್ಲ. ಪ್ರಶಾಂತ ನನ್ನ ತಲೆಯ ಹಿಂದೆ ದಿಂಬು ಏರಿಸಿದ, ಇಳಿಸಿದ. ಕೊನೆಗೆ ಬೆವರು ಒರೆಸಿಕೊಂಡು ಅಶ್ವಿನಿಗೆ ಹೇಳಿದ: "ಕೆಲವ್ರಿಗೆ ಇದು ಆಗಂಗಿಲ್ರಿ ಮೇಡಂ. ಚುಕ್ಕಿ ಒಂದ ಕಡೆ ಇದ್ರ ಇವ್ರು ಮೊದಲ ಇನ್ನೊಂದ ಕಡೆ ನೋಡಾಕತ್ತಾರ. ನರದ ತ್ರಾಸ ಕಣ್ಣಿಗೂ ಬಂದಿರಬಹುದು."

ಸಂಗಪ್ಪ ಗೋಡೆಯ ಕಡೆ ತಿರುಗಿ ನಿಂತ.

ಆಗ ಕಸ್ತೂರಿ ಪರದೆಯ ಹಿಂದೆ ಬಂದು ನಿಂತಳು. ಸೆರಗು ಸೊಂಟಕ್ಕೆ ಸಿಗಿಸಿದ್ದಳು, ಜಗಳಕ್ಕೆ ಬಂದವಳಂತೆ.

"ರೀ, ಇಲ್ಲಿ ಕೇಳ್ರಿ. ಇದು ಶೆಡ್ ಅಲ್ಲ. ಇಲ್ಲಿ ಯಾರೂ ವ್ಯಾಪಾರಕ್ಕ ಕುಂತಿಲ್ಲ. ಬೇಕಾದ್ದನ್ನ ಸೀದಾ ನೋಡ್ರಿ. ದರಾ ಏರಂಗಿಲ್ಲ."

ಅವಳು ಹೇಳಿದ್ದನ್ನು ಮಾಡುವುದು ಸುಲಭ ಎನ್ನಿಸಬಹುದು. ಕಣ್ಣಿಗೆ ಬೇಕೆನಿಸಿದ ಕೂಡಲೇ ಅದು ಪಕ್ಕಕ್ಕೆ ಸರಿಯುತ್ತಿತ್ತು, ಬಿಸಿ ತವೆಯಿಂದ ಕೈ ಸರಿದಂತೆ. ನಾನು ಹೇಳಿಯೇ ಇರುತ್ತಿರಲಿಲ್ಲ. ಕಣ್ಣನ್ನು ಎಳೆದು ತರಬೇಕಿತ್ತು. ನಾಲ್ಕು ಜನರ ಮುಂದೆ ಅಂಗಿ ಬಿಚ್ಚಿ ನಿಂತಂತೆ ಆಗುತ್ತಿತ್ತು. ನೋಡು, ಅಲ್ಲೇ ನೋಡು, ಎಲ್ಲರಿಗೂ ತಿಳಿಯಲಿ, ನೋಡು ಎಂದು ನನಗೆ ನಾನೇ ಹೇಳಿಕೊಂಡೆ. ಕಣ್ಣಲ್ಲಿ ನೀರು ಬಂತು. ಅದು ಆಯಾಸದ ನೀರು. ಚುಕ್ಕೆ ಹಸಿರಾಯಿತು. ಮುಂದಿನದೂ ಹಸಿರಾಯಿತು.

ಅಕ್ಷರದ ಹಲಗೆ ಬಂದಾಗ ಎಲ್ಲರೂ ಪರದೆಯ ಕಡೆ ಬಗ್ಗಿದರು. ಎಷ್ಟು ತಿಂಗಳ ನಂತರದ ಮೊದಲ ಮಾತು! ದೇವರ ಹೆಸರು ಬರುತ್ತದೆಂದು ಸಂಗಪ್ಪ ಕೈ ಮುಗಿದುಕೊಂಡಿದ್ದ. ತನ್ನ ಹೆಸರು ಬರುತ್ತದೆಂದು ಕಸ್ತೂರಿಗೆ ಅನ್ನಿಸಿರಬೇಕು. ಯಂತ್ರ ಆಕಾಶವಾಣಿಯ ವಾರ್ತೆಯ ದನಿಯಲ್ಲಿ ಓದಿತು:

"ರೇಟ್ ಎಷ್ಟು."

ಪ್ರಶಾಂತ ಹೇಳಿದ. ನಾನು ಮತ್ತೆ ಅಕ್ಷರ ಹುಡುಕಿದೆ. ಬಹಳ ಹೊತ್ತು ಹಿಡಿಯಿತು.

"ಕಡಿಮಿ ಮಾಡ್ರಿ."

"ಯಪ್ಪಾ ಶಿವನ," ಎಂದು ಕಸ್ತೂರಿ ಹಣೆ ಬಡಿದುಕೊಂಡಳು. "ಉಸಿರಿಲ್ಲದಿದ್ರೂ ಚೌಕಾಸಿ ಬಿಡಂಗಿಲ್ಲ ಇವ್ರು!"

ಪ್ರಶಾಂತ ಹೊರಗೆ ಹೋಗಿ ತನ್ನ ಸಾಹೇಬರಿಗೆ ಫೋನ್ ಮಾಡಿದ್ದು ನನಗೆ ಕೇಳುತ್ತಿತ್ತು. "ಇಲ್ರಿ ಸರ್, ಮಗಳಲ್ಲ. ಪೇಷಂಟಽ ಚೌಕಾಸಿ ಮಾಡಾಕತ್ತಾರ್ರಿ. ಹೌದ್ರಿ. ನಮ್ಮ ಮಷೀನಲೇನಽ." ದರ ಇಳಿಯಿತು. ಪರದೆ ಹಿಡಿಯುವ ಸ್ಟ್ಯಾಂಡನ್ನು ಪುಕ್ಕಟೆ ಕೊಟ್ಟರು.

ಕೊಳ್ಳುವವರಿಗೆ ಹೇಳುತ್ತೇನೆ: ಯಂತ್ರವನ್ನು ಅಂಗಡಿಯಲ್ಲಿ ನೋಡಿ ಕೊಳ್ಳಬೇಡಿ. ರೋಗಿ ಮಲಗುವ ಮಂಚದ ಮೇಲೆ, ಅವರು ಮಲಗುವ ಭಂಗಿಯಲ್ಲೇ ನೋಡಿ ಕೊಳ್ಳಿ. ಬೆಳಕು ರೋಗಿಯ ಮುಖಕ್ಕೂ ಬೀಳಬಾರದು, ಪರದೆಗೂ ಬೀಳಬಾರದು. ಊಟವಾದ ಮೇಲೆ ರೆಪ್ಪೆ ಭಾರವಾಗುತ್ತದೆ, ಮುಖ್ಯ ಮಾತುಗಳನ್ನು ಬೆಳಿಗ್ಗೆ ಕೇಳಿರಿ. ಇನ್ವರ್ಟರನ್ನು ಮೊದಲು ಹಾಕಿಸಿ, ಯಂತ್ರ ಆಮೇಲೆ. ಮತ್ತು ಅವರು ಅರ್ಧ ಶಬ್ದ ಬರೆದಾಗ ಉಳಿದದ್ದನ್ನು ನೀವು ಊಹಿಸಿ ಹೇಳಬೇಡಿ. ತಪ್ಪು ಊಹಿಸಿದರೆ ಅಳಿಸುವುದು ನಿಮ್ಮ ಬಾಯಿಗೆ ಸುಲಭ, ನಮ್ಮ ಕಣ್ಣಿಗೆ ಅಲ್ಲ.

ಎರಡು ದಿನ ಅಭ್ಯಾಸ ಮಾಡಿದೆ. ಉಸಿರು ಅಷ್ಟರಲ್ಲಿ ಇನ್ನಷ್ಟು ಇಳಿದಿತ್ತು. ಒಂದು ಸಾಲು ಬರೆದರೆ ಓಡಿ ಬಂದವನಂತೆ ಆಗುತ್ತಿತ್ತು. ಡಾಕ್ಟರು ಬಂದು ಅದೇ ಸ್ಟೂಲಿನ ಮೇಲೆ ಕುಳಿತರು. ಸಂಗಪ್ಪ ಮಂಚದ ಕಾಲಬಳಿ ನಿಂತ. ಡಾಕ್ಟರು ಅದೇ ಪ್ರಶ್ನೆ ಕೇಳಿದರು. ಕೇಳಿ, ಪರದೆಯನ್ನು ನೋಡದೆ ನನ್ನನ್ನೇ ನೋಡುತ್ತ ಕಾದರು.

ನಾನು ಬರೆದದ್ದು ಇಷ್ಟು: "ಕೊಳವಿ ಹಾಕ್ರಿ. ಕಣ್ಣು ನಡಿಯೋತನಾ ನನ್ನ ಕೇಳ್ರಿ. ಕಣ್ಣು ನಿಂತ್ರ ಕಸ್ತೂರಿ ಹೇಳಿದ್ದು ನನ್ನ ಮಾತು."

ನಮ್ಮ ಕಡೆಯ ಮಾತನ್ನು ಯಂತ್ರ ತನ್ನ ವಾರ್ತೆಯ ದನಿಯಲ್ಲಿ, ತಪ್ಪು ತಪ್ಪಾಗಿ ಓದಿತು. ಡಾಕ್ಟರು ಎರಡನೆಯ ಸಲ ಓದಿಸಿ, ಹೌದೇ ಎಂದು ಕೇಳಿ, "ಆತ್ರಿ" ಎಂದರು. ಕಸ್ತೂರಿ ನನ್ನ ಕಾಲ ಮೇಲಿನ ಚಾದರ ಸರಿಮಾಡತೊಡಗಿದಳು. ಅದು ಸರಿಯಾಗಿಯೇ ಇತ್ತು. ಸಂಗಪ್ಪ ಮಂಚದ ಕಂಬಿ ಹಿಡಿದುಕೊಂಡು ಸಣ್ಣ ಹುಡುಗನಂತೆ ಅತ್ತ.

"ಮೊದಲಽ ಹೇಳಬಾರದೇನೋ ಅಣ್ಣಾ? ನಾ ನಿನ್ನ ಕಳಿಸಿಬಿಡ್ತಿದ್ನಲ್ಲೋ!"

ನಾನು ನಿಧಾನವಾಗಿ ಬರೆದೆ. "ಹೇಳಿದ್ದೆ. ಎರಡನೇ ಸಲ."

ಅವನು ಅಳುತ್ತಲೇ ನಕ್ಕ. ನಾನು ನಗಲಿಲ್ಲ. ನನಗೆ ಆ ಹೊತ್ತಿನಲ್ಲಿ ಏನೂ ಅನ್ನಿಸಲಿಲ್ಲ. ಮಾಲಿನ ದೊಡ್ಡ ಲಾಟು ಕೈ ಸೇರಿದ ದಿನ ಸಂಜೆಯೂ ನನಗೆ ಹೀಗೆಯೇ ಆಗುತ್ತಿತ್ತು, ಖಾಲಿ ಗೋದಾಮಿನಲ್ಲಿ ನಿಂತಂತೆ.

ಕೊಳವೆ ಹಾಕಿದರು. ಈಗ ಮನೆಯಲ್ಲಿದ್ದೇನೆ. ಊಟ ಹೊಟ್ಟೆಯ ನಳಿಗೆಯಲ್ಲಿ, ಉಸಿರು ಗಂಟಲ ಕೊಳವೆಯಲ್ಲಿ. ಕಫ ತೆಗೆಯುವುದನ್ನು ಕಸ್ತೂರಿ ಆಸ್ಪತ್ರೆಯ ನರ್ಸಿಗಿಂತ ಮೆತ್ತಗೆ ಮಾಡುತ್ತಾಳೆ. ಕರೆಂಟು ಹೋದಾಗ ಇನ್ವರ್ಟರ್ ಹಿಡಿಯುವ ಆ ಒಂದು ಕ್ಷಣವಿದೆಯಲ್ಲ, ಅದಕ್ಕೆ ನಾನು ಇನ್ನೂ ಒಗ್ಗಿಲ್ಲ. ಬೆಳಿಗ್ಗೆ ಸಂಗಪ್ಪ ತಿಕೋಟಾದಿಂದ ಮಾಲಿನ ವೀಡಿಯೊ ತೋರಿಸುತ್ತಾನೆ. ನಾನು ದರ ಹೇಳುತ್ತೇನೆ. ಗೌಡರು ಒಮ್ಮೆ ಬಂದು, ಪರದೆಯ ಮೇಲೆ ಅಕ್ಷರ ಬೀಳುವುದನ್ನು ಬಹಳ ಹೊತ್ತು ನೋಡಿ, "ಈಗ ನಿನ್ನ ಜೋಡಿ ವ್ಯಾಪಾರ ಚಲೋ ನೋಡೋ ಈರಣ್ಣ, ಏನ್ ನೋಡಾಕತ್ತೀದಿ ಅಂತ ಎಲ್ಲಾರಿಗೂ ಕಾಣತೈತಿ" ಎಂದು ನಕ್ಕು, ಹೋಗುವ ಮೊದಲು ತಮ್ಮ ಹೆಗಲ ಟವೆಲ್ಲನ್ನು ನನ್ನ ಕೈಯ ಮೇಲೆ ಹೊದಿಸಿ, ಅದರ ಕೆಳಗೆ ನನ್ನ ಬೆರಳುಗಳನ್ನು ಸುಮ್ಮನೆ ಒಂದಿಷ್ಟು ಹೊತ್ತು ಹಿಡಿದು ಕುಳಿತರು. ಸ್ಪರ್ಶ ನನಗೆ ತಿಳಿಯುತ್ತದೆ. ಅವರು ಯಾವ ದರವನ್ನೂ ಹೇಳಲಿಲ್ಲ.

ಹೇಗಿದ್ದೀರಿ ಎಂದು ಜನ ಕೇಳುತ್ತಾರೆ. ಮಾರುಕಟ್ಟೆಗೆ ರಜೆ ಇದ್ದ ದಿನದಂತೆ ಇದ್ದೇನೆ ಎಂದು ಬರೆಯುತ್ತೇನೆ. ನಷ್ಟವೂ ಇಲ್ಲ, ಗದ್ದಲವೂ ಇಲ್ಲ. ಇದೇ ಕಾಯಿಲೆಯ ಹೆಸರನ್ನು ಈಗಷ್ಟೇ ಕೇಳಿ ಬಂದವರಿಗೆ ನಾನು ಹೇಳಬಲ್ಲದ್ದು ಒಂದೇ. ನಿಮ್ಮ ಮಾತು ಇನ್ನೂ ಇರುವಾಗ, ನಿಮ್ಮನ್ನು ಸರಿಯಾಗಿ ಓದಬಲ್ಲವರು ಮನೆಯಲ್ಲಿ ಯಾರು ಎಂದು ನೋಡಿಟ್ಟುಕೊಳ್ಳಿ. ಜೋರಾಗಿ ಅಳುವವರೇ ಆಗಬೇಕೆಂದಿಲ್ಲ.

ಕಳೆದ ವಾರ ಬಬಲೇಶ್ವರದಲ್ಲಿ ಅಶ್ವಿನಿಯ ಮನೆಯ ಗೃಹಪ್ರವೇಶವಿತ್ತು. ನನ್ನ ಹತ್ತಿರ ಸಂಗಪ್ಪನನ್ನು ಕೂರಿಸಿ ಕಸ್ತೂರಿ ಅರ್ಧ ದಿನ ಹೋಗಿ ಬರುವುದೆಂದು ಆಗಿತ್ತು. ಬಹಳ ತಿಂಗಳ ಮೇಲೆ ಅವಳು ಮನೆ ಬಿಟ್ಟು ಹೊರಟದ್ದು. ಪರದೆಯನ್ನು ಚಾರ್ಜಿಗೆ ಹಾಕಿ ಆಚೆ ಇಟ್ಟಿದ್ದರು. ಅವಳು ಎರಡು ಇಳಕಲ್ ಸೀರೆ ಹಿಡಿದು ಬಂದಳು, ಒಂದು ಹಸಿರು, ಒಂದು ಕೆಂಪು.

"ಯಾವ್ದ ಉಡ್ಲಿ ಹೇಳ್ರಿ ಲಗೂನ. ಬಸ್ ತಪ್ಪತೈತಿ."

ನಾನು ನೇರ ಹಸಿರನ್ನು ನೋಡಿದೆ. ಮೊದಲು ಅದನ್ನೇ. ಯಂತ್ರ ಕಲಿಸಿದಂತೆ, ಚುಕ್ಕೆಯನ್ನು ನೋಡಿದಂತೆ, ಬಿಡದೆ ನೋಡಿದೆ. ಆಮೇಲೆ ಕಣ್ಣು ದಣಿದು ಕೆಂಪಿನ ಕಡೆ ಜಾರಿತು.

"ತಿಳೀತ ಬಿಡ್ರಿ, ನಿಮ್ಮ ಆಟ ನನಗ ಗೊತ್ತಿಲ್ಲೇನ?" ಎಂದು ಕೆಂಪನ್ನು ಎತ್ತಿಕೊಂಡು ಒಳಗೆ ಹೋದಳು.

ಉಟ್ಟು ಬಂದು ಬಾಗಿಲಲ್ಲಿ ನಿಂತಳು. ಅದೂ ಚೆನ್ನಾಗಿಯೇ ಇತ್ತು. "ಇದಽ ಹೌದಲ್ಲ?" ಎಂದಳು. ಅವಳ ತಲೆಯ ಪಕ್ಕದಲ್ಲಿ ಗೋಡೆಯ ಮೇಲೆ ನಮ್ಮ ಮನೆಯ ಗಡಿಯಾರವಿದೆ. ಈ ಸಲ ನಾನು ಅದನ್ನು ನೋಡಲಿಲ್ಲ, ಅವಳನ್ನೇ ನೋಡಿದೆ.